ನಮ್ಮ ದ್ವೀಪದ ಹವೆ: ಉಷ್ಣವೋ, ಉಪೋಷ್ಣವೋ?

ಠಾಣೆಯು ದ್ವೀಪದ ಮೇಲಿರುವ ಊರೆಂದರೆ ನಮ್ಮಲ್ಲಿ ಹಲವರಿಗೆ ಸೋಜಿಗವೆನಿಸೀತು. ಆದರೆ ಸಂಗತಿ ನಿಜ. ಕಲ್ಯಾಣ, ಡೊಂಬಿವಲಿಗಳಿಂದ ದಿನವೂ ಲೋಕಲ್ ಗಾಡಿ ಹಿಡಿದು ಕೆಲಸಕ್ಕೆ ಹೋಗುವ ನಾವು ಕಳವಾ ನಿಲ್ದಾಣವನ್ನು ಬಿಟ್ಟು ಖಾಡಿಯ ಸೇತುವೆ ದಾಟಿದೊಡನೆ ದೊಡ್ಡ ನೆಲವನ್ನು ಹಿಂದಿಟ್ಟು ಸಾಷ್ಟಿ ದ್ವೀಪವನ್ನು ಸೇರಿರುತ್ತೇವೆ. ಪೂರ್ವಕ್ಕೆ ಠಾಣೆಯ ಖಾಡಿ, ಉತ್ತರಕ್ಕೆ ಉಲ್ಹಾಸ ನದಿ ಕಡಲು ಸೇರುವ ವಸಯಿಯ ಖಾಡಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವುಗಳ ನಡುವೆ ಸಾಷ್ಟಿ. ದಕ್ಷಿಣದಲ್ಲಿ ಹಳೆಯ ಮುಂಬಯಿಯ ಪುಟ್ಟ ದ್ವೀಪಗಳು ಮಣ್ಣು ತುಂಬಿಸಿಕೊಂಡು ಇದರೊಡನೆ ಒಂದಾಗಿವೆ. ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳು ಮಾತ್ರ ಖಾಡಿಯ ಪೂರ್ವದ ದೊಡ್ಡ ನೆಲದ ಮೇಲಿವೆ.

ಈ ದ್ವೀಪದ ಮತ್ತು ಅದರ ನೆರೆಯ ಹವೆಯನ್ನು ಕುರಿತು ನಮ್ಮವರಲ್ಲಿ ಒಂದು ಮಾತು ರೂಢಿಯಲ್ಲಿದೆ: ‘ಇಲ್ಲಿ ಊರಿನ ಹಾಗೆ ನಲವತ್ತೆರಡು ಡಿಗ್ರಿಯ ಬಿಸಿಲಿಲ್ಲ, ನಡುಗಿಸುವ ಚಳಿಯೂ ಇಲ್ಲ, ಹವೆ ಸೌಮ್ಯ.’ ನವೆಂಬರಿನಿಂದ ಫೆಬ್ರವರಿಯವರೆಗೆ ಮಳೆಯ ಹನಿಯಿಲ್ಲದೆ, ಬೆಳಗಿನ ಗಾಳಿ ತಂಪಾಗಿ ಬೀಸುವಾಗ ಈ ಮಾತು ಸರಿಯೆಂದೇ ತೋರುತ್ತದೆ. ಅತ್ತ ಮಕ್ಕಳ ಭೂಗೋಲದ ಪುಸ್ತಕ ನಮ್ಮನ್ನು ಉಷ್ಣವಲಯದವರೆಂದು ಹೇಳುತ್ತದೆ. ಹಾಗಾದರೆ ಹಿತವಾಗಿ, ಒಣಗಿ ಇರುವ ದ್ವೀಪದ ಹವೆ ಉಷ್ಣವಲಯದ್ದೋ, ಉಪೋಷ್ಣವಲಯದ್ದೋ? ಇದು ಬರಿಯ ಹೆಸರಿನ ಜಗಳವೆಂದು ತಳ್ಳಿಬಿಡುವಂತಿಲ್ಲ. ನಾವಿರುವ ಹವೆಯನ್ನು ತಪ್ಪಾಗಿ ತಿಳಿದರೆ ನಮ್ಮ ಮೈಗೇ ಕೇಡು ತಟ್ಟಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ಮೂವರು ಸಾಕ್ಷಿಗಳನ್ನು ಕರೆಯೋಣ: ಸೂರ್ಯ, ಉಷ್ಣಮಾಪಕ ಮತ್ತು ಮಳೆ.

ಸೂರ್ಯನ ಸಾಕ್ಷಿ

ಉಷ್ಣವಲಯವೆಂಬ ಹೆಸರಿನ ಅತಿ ಹಳೆಯ ಅರ್ಥ ಸೂರ್ಯನಿಗೆ ಸಂಬಂಧಿಸಿದ್ದು. ವರ್ಷದಲ್ಲಿ ಒಂದು ದಿನವಾದರೂ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುವ ನಾಡೆಲ್ಲ ಉಷ್ಣವಲಯ. ಭೂಮಧ್ಯರೇಖೆಯ ಉತ್ತರಕ್ಕೆ ಇದರ ಎಲ್ಲೆ ಸುಮಾರು 23 ಅಂಶ 26 ಕಲೆಯ ಕರ್ಕಾಟಕ ಸಂಕ್ರಾಂತಿ ವೃತ್ತ. ಗುಜರಾತಿನಿಂದ ಮಿಜೋರಾಮಿನವರೆಗೆ ನಮ್ಮ ದೇಶದ ಎಂಟು ರಾಜ್ಯಗಳನ್ನು ಹಾಯ್ದುಹೋಗುವ ಗೆರೆ ಇದೇ. ಅದರಾಚೆಗೆ ಸುಮಾರು 35 ಅಂಶದವರೆಗಿನ ಪಟ್ಟಿಯನ್ನು ಉಪೋಷ್ಣವಲಯವೆಂದು ಕರೆಯುವುದು ವಾಡಿಕೆ.

ಠಾಣೆ, ಡೊಂಬಿವಲಿ, ಕಲ್ಯಾಣಗಳು 19 ಅಂಶಕ್ಕೆ ತುಸು ಮೇಲೆ, ಅಂದರೆ ಗೆರೆಗಿಂತ ನಾಲ್ಕು ಅಂಶ ಕೆಳಗಿವೆ. ಇದನ್ನು ಪುಸ್ತಕವನ್ನು ನಂಬಿ ಒಪ್ಪಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ಮೇ 16ರ ಸುಮಾರಿಗೆ, ಗಡಿಯಾರದಲ್ಲಿ 12 ಗಂಟೆ 35 ನಿಮಿಷವಾಗುವ ಹೊತ್ತಿಗೆ, ಗಚ್ಚಿನ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿರಿ. ಕೋಲಿನ ನೆರಳು ಅದರ ಬುಡದಲ್ಲೇ ಅಡಗಿರುತ್ತದೆ. ಜುಲೈ 27ರ ಸುಮಾರಿಗೆ ಮತ್ತೊಮ್ಮೆ ಹೀಗಾಗುತ್ತದೆ. ಆದರೆ ಆಗ ಮಳೆಮೋಡ ಕವಿದಿರುವುದರಿಂದ ಆ ನೋಟ ಸಿಗುವುದು ಅಪರೂಪ. ಬೆಂಗಳೂರು, ಮಂಗಳೂರುಗಳಲ್ಲಿ ಈ ನೆರಳಿಲ್ಲದ ನಡುಹಗಲು ಏಪ್ರಿಲ್ 24ರ ಸುಮಾರಿಗೇ ಬಂದುಹೋಗುತ್ತದೆ. ಸೂರ್ಯನ ತೀರ್ಪು ಇಷ್ಟು: ಸಾಷ್ಟಿಯೂ ಉಷ್ಣವಲಯ, ಇಡೀ ಕರ್ನಾಟಕವೂ ಉಷ್ಣವಲಯ.

ಆದರೆ ಈ ಸಾಕ್ಷಿಗೆ ಒಂದು ಕುಂದುಂಟು. ಸೂರ್ಯನು ನೋಡುವುದು ಅಕ್ಷಾಂಶವನ್ನಷ್ಟೆ. ಬೆಟ್ಟದ ಎತ್ತರವನ್ನಾಗಲಿ, ಕಡಲಿನ ನೆರೆಯನ್ನಾಗಲಿ ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉದಕಮಂಡಲ 11 ಅಂಶದಲ್ಲಿದೆ, ನಮಗಿಂತ ಎಷ್ಟೋ ದಕ್ಷಿಣಕ್ಕೆ. ಆದರೂ 2,200 ಮೀಟರಿಗೂ ಎತ್ತರದ ಆ ಊರಿನಲ್ಲಿ ಜನವರಿಯ ಕೆಲವು ಮುಂಜಾವುಗಳಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ ಬೆಳ್ಳಗೆ ಕಾಣುತ್ತದೆ. ಅದನ್ನು ಉಷ್ಣದ ಊರೆಂದು ಕರೆಯಲು ಯಾರಿಗೆ ನಾಲಿಗೆ ಬಂದೀತು? ಆದ್ದರಿಂದ ಎರಡನೆಯ ಸಾಕ್ಷಿ ಬೇಕಾಗುತ್ತದೆ.

ಉಷ್ಣಮಾಪಕದ ಸಾಕ್ಷಿ

1846ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ವ್ಲಾಡಿಮಿರ್ ಕೊಪ್ಪೆನ್ ಎಂಬ ವಿದ್ವಾಂಸ ಮೊದಲು ಸಸ್ಯಶಾಸ್ತ್ರವನ್ನು ಓದಿದವನು. ಎಲ್ಲಿ ಯಾವ ಗಿಡ ತಾನಾಗಿ ಬೆಳೆಯುತ್ತದೆಯೋ ಅಲ್ಲಿಯ ಹವೆಯನ್ನು ಆ ಗಿಡವೇ ಹೇಳುತ್ತದೆಂಬುದು ಅವನ ನಂಬಿಕೆ. ಈ ದಾರಿ ಹಿಡಿದು ಅವನು 1900ರಲ್ಲಿ ಭೂಮಿಯ ಹವೆಗಳನ್ನು ವಿಂಗಡಿಸಿದನು. ಅವನ ತರುವಾಯ ರುಡಾಲ್ಫ್ ಗೈಗರ್ ತಿದ್ದಿದ ಆ ವಿಂಗಡಣೆಯೇ ಇಂದಿಗೂ ಜಗತ್ತಿನ ಭೂಪಟಗಳಲ್ಲಿ ಬಳಕೆಯಲ್ಲಿದೆ. ಅದರ ಉಷ್ಣವಲಯದ ನಿಯಮ ಸರಳವಾದುದು: ವರ್ಷದ ಅತಿ ತಂಪಾದ ತಿಂಗಳಿನ ಸರಾಸರಿ ಉಷ್ಣಮಾನವೂ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಬೇಸಗೆ ಎಷ್ಟು ಸುಡುತ್ತದೆ ಎಂಬುದು ಮುಖ್ಯವಲ್ಲ. ಚಳಿಗಾಲವೆಂಬುದು ನಿಜವಾಗಿ ಬರುತ್ತದೆಯೇ ಎಂಬುದು ಮುಖ್ಯ. ತೆಂಗಿನಂಥ ಮರಗಳನ್ನು ಕೊಲ್ಲುವುದು ಬೇಸಗೆಯ ಬಿಸಿಲಲ್ಲ, ಚಳಿ.

ಉಪೋಷ್ಣವೆಂಬ ಹೆಸರಿಗೆ ಕೊಪ್ಪೆನ್ನನ ಪಟ್ಟಿಯಲ್ಲಿ ಪ್ರತ್ಯೇಕವಾದ ಮನೆಯೇ ಇಲ್ಲ. ಅಮೆರಿಕದ ಟ್ರೆವಾರ್ಥಾ ಎಂಬ ಭೂಗೋಲಜ್ಞನು ಮುಂದೆ ಅದಕ್ಕೊಂದು ಅಳತೆ ಕೊಟ್ಟನು. ತಂಪು ತಿಂಗಳು 18ಕ್ಕಿಂತ ಕೆಳಗಿಳಿಯಬೇಕು, ಆದರೆ ವರ್ಷದ ಎಂಟು ತಿಂಗಳಾದರೂ ಸರಾಸರಿ 10 ಡಿಗ್ರಿಯ ಮೇಲಿರಬೇಕು, ಅಂಥದು ಉಪೋಷ್ಣ.

ಈ ಕೋಲಿನಿಂದ ನಮ್ಮ ಊರುಗಳನ್ನು ಅಳೆದು ನೋಡೋಣ. ಮುಂಬಯಿಯ ಸಾಂತಾಕ್ರೂಜ್ ವೇಧಶಾಲೆ ಸಾಷ್ಟಿ ದ್ವೀಪದ ಮೇಲೆಯೇ ಇದೆ. ಅಲ್ಲಿ ಜನವರಿಯ ಸರಾಸರಿ ಸುಮಾರು 24 ಡಿಗ್ರಿ. ಎಲ್ಲೆಗಿಂತ ಆರು ಡಿಗ್ರಿ ಮೇಲೆ! 1962ರ ಜನವರಿಯಲ್ಲಿ ಒಂದು ರಾತ್ರಿ ಅಲ್ಲಿ ಪಾದರಸ 7.4ಕ್ಕೆ ಇಳಿದದ್ದುಂಟು, ಆದರೆ ಒಂದು ರಾತ್ರಿಯ ಚಳಿ ತಿಂಗಳಿನ ಸರಾಸರಿಯನ್ನು ಕದಲಿಸಲಾರದು. ನಮ್ಮವರು ತಂಪೆಂದು ಹೊಗಳುವ ಬೆಂಗಳೂರು ಕೂಡ, ಸುಮಾರು 900 ಮೀಟರು ಎತ್ತರದಲ್ಲಿದ್ದರೂ, ಅತಿ ತಂಪಾದ ತಿಂಗಳಿನಲ್ಲಿ ಸರಾಸರಿ 21 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದೂ ಉಷ್ಣವೇ. ಉದಕಮಂಡಲ ಮಾತ್ರ 18ಕ್ಕಿಂತ ಬಹಳ ಕೆಳಗಿಳಿದು ಪಂಕ್ತಿಯಿಂದ ಹೊರಗೆ ಬೀಳುತ್ತದೆ.

ಮಳೆಯ ಸಾಕ್ಷಿ

ಮೂರನೆಯ ಸಾಕ್ಷಿಯ ಮಾತನ್ನು ಬಹಳ ಜನ ಮರೆಯುತ್ತಾರೆ. ನೆಲ ಒಣಗಿದ್ದರೆ ಕೊಪ್ಪೆನ್ ಉಷ್ಣವೋ ಉಪೋಷ್ಣವೋ ಎಂದು ಕೇಳುವುದೇ ಇಲ್ಲ. ಬೀಳುವ ಮಳೆಗಿಂತ ಹೀರಿಹೋಗುವ ನೀರು ಹೆಚ್ಚಾಗುವ ನಾಡನ್ನು ಅವನು ‘ಒಣ ಹವೆ’ ಎಂಬ ಬೇರೆ ಕೋಣೆಯಲ್ಲೇ ಇರಿಸುತ್ತಾನೆ. ಇದರ ಲೆಕ್ಕ ಹೀಗೆ: ವರ್ಷದ ಸರಾಸರಿ ಉಷ್ಣಮಾನವನ್ನು 20ರಿಂದ ಗುಣಿಸಬೇಕು, ಮಳೆಯ ಹೆಚ್ಚಿನ ಪಾಲು ಬೇಸಗೆಯ ಅರೆವರ್ಷದಲ್ಲಿ ಬೀಳುವ ಕಡೆ ಅದಕ್ಕೆ 280ನ್ನು ಕೂಡಿಸಬೇಕು. ಬಂದ ಸಂಖ್ಯೆಯಷ್ಟು ಮಿಲಿಮೀಟರು ಮಳೆಯಾಗದಿದ್ದರೆ ಅದು ಒಣನಾಡು. ಅದರ ಅರ್ಧವೂ ಆಗದಿದ್ದರೆ ಮರುಭೂಮಿ.

ವಿಜಯಪುರದ ಸರಾಸರಿ ಉಷ್ಣಮಾನ ಸುಮಾರು 27. ಗುಣಿಸಿ ಕೂಡಿಸಿದರೆ 820. ಅಲ್ಲಿ ಬೀಳುವ ಮಳೆ ಸುಮಾರು 600. ಆದ್ದರಿಂದ ವಿಜಯಪುರ ಉಷ್ಣವಲಯದ ಎಲ್ಲೆಯೊಳಗೆ ಇದ್ದೂ ‘ಅರೆ ಒಣ’ ನಾಡು. ಹಿಂಗಾರಿ ಬಿಳಿಜೋಳಕ್ಕೆ ಅದು ಹೆಸರುವಾಸಿಯಾಗಿರುವುದು ಸುಮ್ಮನೆ ಅಲ್ಲ. ಸಾಷ್ಟಿಯಲ್ಲಿಯೂ ಸರಾಸರಿ ಉಷ್ಣಮಾನ ಅಷ್ಟೇ, ಬೇಕಾದ ಮಳೆಯೂ ಅಷ್ಟೇ. ಬೀಳುವುದು ಮಾತ್ರ 2,000 ಮಿಲಿಮೀಟರಿಗಿಂತ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಬಿತ್ತು. ವಿಜಯಪುರ ಒಂದೂವರೆ ವರ್ಷದಲ್ಲಿ ಕಾಣುವ ಮಳೆಯನ್ನು ಈ ದ್ವೀಪ ಒಂದೇ ದಿನದಲ್ಲಿ ಕಂಡಿತು! ಹಾಗಿರುವಾಗ ಚಳಿಗಾಲದ ನಾಲ್ಕು ತಿಂಗಳು ಮಳೆಯಿಲ್ಲವೆಂದು ಇದನ್ನು ಒಣ ದ್ವೀಪವೆನ್ನಲು ಬಾರದು. ಮಳೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಉಳಿದ ತಿಂಗಳು ಬರಿದಾಗಿರುವ ಇಂಥ ಹವೆಗೆ ‘ಮಳೆಗಾಲ–ಒಣಗಾಲಗಳ ಉಷ್ಣವಲಯ’ವೆಂಬ ಹೆಸರುಂಟು.

ನೆಲವನ್ನು ತೇವದಿಂದ ಅಳೆಯುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಚರಕ, ಸುಶ್ರುತರ ಆಯುರ್ವೇದ ಗ್ರಂಥಗಳು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಂಗಡಿಸುತ್ತವೆ. ನೀರು ಕಡಿಮೆಯಾಗಿ ಗಾಳಿ ಒಣಗಿದ್ದುದು ಜಾಂಗಲ. ನೀರೂ ತೇವವೂ ತುಂಬಿದ್ದು ಆನೂಪ. ಎರಡರ ನಡುವಣದು ಸಾಧಾರಣ. ಈ ಮಾತಿನಲ್ಲಿ ಹೇಳುವುದಾದರೆ ವಿಜಯಪುರ, ರಾಯಚೂರು ಕಡೆಯವರು ಜಾಂಗಲದಿಂದ ಆನೂಪಕ್ಕೆ ಬಂದವರು; ಉಡುಪಿ, ಮಂಗಳೂರಿನವರು ಒಂದು ಆನೂಪದಿಂದ ಇನ್ನೊಂದು ಆನೂಪಕ್ಕೆ ಬಂದವರು.

ನಿಜವಾದ ಒಣ ದ್ವೀಪ

ಹಾಗಾದರೆ ಹಿತವೂ ಒಣಗಿಯೂ ಇರುವ ದ್ವೀಪ ಜಗತ್ತಿನಲ್ಲಿ ಇಲ್ಲವೇ? ಉಂಟು. ಆಫ್ರಿಕದ ವಾಯವ್ಯ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನಿಗೆ ಸೇರಿದ ಕನೇರಿ ದ್ವೀಪಗಳಿವೆ. ಅಲ್ಲಿಯ ತೆನೆರಿಫೆ ದ್ವೀಪದ ಸಾಂತಾ ಕ್ರೂಸ್ ಪಟ್ಟಣ 28 ಅಂಶ 28 ಕಲೆಯಲ್ಲಿದೆ. ಅಂದರೆ ಹೆಚ್ಚುಕಡಿಮೆ ನಮ್ಮ ದಿಲ್ಲಿಯ ನೇರದಲ್ಲಿ. ಆದರೆ ಎರಡರ ಹವೆಗೂ ಅಜಗಜಾಂತರ. ದಿಲ್ಲಿಯ ಜನವರಿಯ ಸರಾಸರಿ ಸುಮಾರು 14, ಜೂನಿನದು 33ರ ಮೇಲೆ. ಸಾಂತಾ ಕ್ರೂಸಿನಲ್ಲಿ ಜನವರಿಯದು ಸುಮಾರು 18, ಆಗಸ್ಟಿನದು ಸುಮಾರು 25. ಒಂದು ಕಡೆ ಇಪ್ಪತ್ತು ಡಿಗ್ರಿಯ ಏರಿಳಿತ, ಇನ್ನೊಂದು ಕಡೆ ಏಳೇ ಡಿಗ್ರಿ.

ಇದಕ್ಕೆ ಕಾರಣ ಕಡಲು. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಅದರ ಮೇಲೆ, ಕನೇರಿಯ ಸುತ್ತ ಉತ್ತರದಿಂದ ಹರಿದು ಬರುವ ತಣ್ಣನೆಯ ಸಾಗರಪ್ರವಾಹವಿದೆ. ವರ್ಷದ ಬಹುಭಾಗ ಈಶಾನ್ಯದಿಂದ ಬೀಸುವ ವ್ಯಾಪಾರಿ ಮಾರುತವಿದೆ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲಕ್ಕೇಳದು. ಮೇಲೇಳದ ಗಾಳಿ ಮಳೆ ಕೊಡದು. ಸಾಂತಾ ಕ್ರೂಸಿನಲ್ಲಿ ವರ್ಷಕ್ಕೆ ಬೀಳುವುದು 250 ಮಿಲಿಮೀಟರಿಗಿಂತ ಕಡಿಮೆ, ಅದೂ ಚಳಿಗಾಲದಲ್ಲಿ.

ಈಗ ಮೂರು ಸಾಕ್ಷಿಗಳನ್ನೂ ಅಲ್ಲಿಗೆ ಕರೆದೊಯ್ಯೋಣ. ಸೂರ್ಯನು ‘ಇದು ಉಷ್ಣವಲಯವಲ್ಲ’ ಎನ್ನುತ್ತಾನೆ. ಜೂನ್ 21ರ ನಡುಹಗಲಿನಲ್ಲೂ ಅಲ್ಲಿ ಒಂದು ಮೀಟರು ಕೋಲಿಗೆ ಒಂಬತ್ತು ಸೆಂಟಿಮೀಟರು ನೆರಳು ಬಿದ್ದೇ ಬೀಳುತ್ತದೆ. ಉಷ್ಣಮಾಪಕವು 18ರ ಹೊಸ್ತಿಲ ಮೇಲೆ ಕುಳಿತು ಅತ್ತಲೋ ಇತ್ತಲೋ ಎಂದು ಅನುಮಾನಿಸುತ್ತದೆ. ಮಳೆಯಾದರೋ ‘ನಿಮ್ಮಿಬ್ಬರ ಮಾತೂ ಬೇಡ, ಇದು ಒಣನಾಡು’ ಎಂದು ತೀರ್ಪು ಕೊಡುತ್ತದೆ. ಆದ್ದರಿಂದಲೇ ಒಂದು ಪುಸ್ತಕ ಕನೇರಿಯನ್ನು ಉಪೋಷ್ಣವೆಂದೂ, ಇನ್ನೊಂದು ಅರೆ ಮರುಭೂಮಿಯೆಂದೂ ಬರೆದರೆ ಎರಡೂ ಸುಳ್ಳಲ್ಲ. ಯಾವ ಅಳತೆಯಿಂದ ಬರೆದಿದ್ದಾರೆಂಬುದನ್ನು ಮಾತ್ರ ನಾವು ಕೇಳಬೇಕು. ಅಂಥ ದ್ವೀಪಕ್ಕೆ ‘ಒಣ ಉಪೋಷ್ಣ ಹವೆ’ ಎಂಬುದೇ ಒಪ್ಪುವ ಹೆಸರು. ಹವಾಯಿಯ ಹೊನೊಲುಲು ಪಟ್ಟಣವೂ ಒಣಗಿದ್ದೇ. ಆದರೆ ಅದು 21 ಅಂಶದಲ್ಲಿದೆ, ಅತಿ ತಂಪಾದ ತಿಂಗಳಲ್ಲಿಯೂ ಸರಾಸರಿ 22 ಡಿಗ್ರಿಯ ಮೇಲೆಯೇ ಇದೆ. ಆದ್ದರಿಂದ ಅದು ‘ಒಣ ಉಷ್ಣ’. ಒಣಗಿರುವುದು ಬೇರೆ, ತಂಪಾಗಿರುವುದು ಬೇರೆ; ಒಂದರಿಂದ ಇನ್ನೊಂದನ್ನು ಊಹಿಸಬಾರದು.

ಸಾಷ್ಟಿಯಲ್ಲಿ ಇಂಥ ತಗಾದೆಯೇ ಇಲ್ಲ. ಸೂರ್ಯ, ಉಷ್ಣಮಾಪಕ, ಮಳೆ ಮೂರೂ ಒಂದೇ ಬಾಯಿಂದ ‘ಉಷ್ಣವಲಯ’ವೆನ್ನುತ್ತವೆ. ನಾವು ಸೌಮ್ಯವೆನ್ನುವುದು ಕಡಲು ಕೊಟ್ಟ ಸಣ್ಣ ಏರಿಳಿತವನ್ನು. ಅದೂ ದಂಡೆಯಿಂದ ಒಳಕ್ಕೆ ಸರಿದಂತೆ ಸವೆಯುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಕಡಲಗಾಳಿ ಪಾರಸಿಕದ ಗುಡ್ಡ ದಾಟಿ ಡೊಂಬಿವಲಿ, ಕಲ್ಯಾಣಗಳಿಗೆ ಬರುವುದು ತಡ. ಅಷ್ಟರಲ್ಲಿ ನೆಲ ಕಾದಿರುತ್ತದೆ. ಕೊಲಾಬದ ದಂಡೆಯಲ್ಲಿ ಹಿತವಾಗಿರುವ ದಿನವೇ ಕಲ್ಯಾಣದ ಕಡೆ ಪಾದರಸ 40ನ್ನು ಮುಟ್ಟುವುದುಂಟು.

ಝಳ ಮತ್ತು ಸೆಕೆ

ಇನ್ನು ಮೊದಲಿಗೆ ಹೇಳಿದ ಕೇಡಿನ ಮಾತು. ಕನ್ನಡದಲ್ಲಿ ಕಾವಿಗೆ ಎರಡು ಒಳ್ಳೆಯ ಹೆಸರುಗಳಿವೆ. ಬಯಲುಸೀಮೆಯವರದು ಝಳ, ಕರಾವಳಿಯವರದು ಸೆಕೆ. ಝಳ ಮೈಯನ್ನು ಸುಡುತ್ತದೆ. ಸೆಕೆ ಮೈಯನ್ನು ಬೇಯಿಸುತ್ತದೆ. ಇವೆರಡರ ಅಂತರವನ್ನು ಉಷ್ಣಮಾಪಕ ಒಂದೇ ಹೇಳಲಾರದು.

ನಮ್ಮ ಮೈ ತಣಿಯುವುದು ಬೆವರು ಸುರಿದಾಗ ಅಲ್ಲ, ಬೆವರು ಆರಿದಾಗ. ಒಂದು ಲೀಟರು ಬೆವರು ಆರಿಹೋಗುವಾಗ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಮೈಯಿಂದ ಕೊಂಡೊಯ್ಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರದೆ ಹನಿಹನಿಯಾಗಿ ಇಳಿದು ಅಂಗಿಯನ್ನು ತೋಯಿಸುತ್ತದೆ. ಶಾಖ ಮೈಯಲ್ಲೇ ಉಳಿಯುತ್ತದೆ. ಮಣ್ಣಿನ ಗಡಿಗೆಯ ಕಥೆಯೂ ಇದೇ. ವಿಜಯಪುರದ ಬೇಸಗೆಯಲ್ಲಿ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅದೇ ಗಡಿಗೆಯನ್ನು ಇಲ್ಲಿ ತಂದಿಟ್ಟರೆ ನೀರು ಅಷ್ಟು ತಣಿಯದು. ನೀರು ಹನಿಸುವ ಕೂಲರು ಕಲಬುರಗಿಯಲ್ಲಿ ಮನೆಯನ್ನೇ ತಂಪು ಮಾಡಿ, ಇಲ್ಲಿ ಸೆಕೆಯನ್ನು ಹೆಚ್ಚಿಸುವುದೂ ಇದರಿಂದಲೇ.

ವಿಜ್ಞಾನಿಗಳು ಇದನ್ನು ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕದಿಂದ ಅಳೆಯುತ್ತಾರೆ. ಗಾಳಿಯ ಉಷ್ಣಮಾನ 40 ಇದ್ದು ಆರ್ದ್ರತೆ ನೂರಕ್ಕೆ 20 ಇದ್ದರೆ ಒದ್ದೆ ಉಷ್ಣಮಾಪಕ ಸುಮಾರು 23 ತೋರಿಸುತ್ತದೆ. ಗಾಳಿಯದು 35 ಮಾತ್ರ ಇದ್ದು ಆರ್ದ್ರತೆ 65 ಇದ್ದರೆ ಅದು ತೋರಿಸುವುದು ಸುಮಾರು 29. ಮೈಯ ಪಾಲಿಗೆ ಎರಡನೆಯದೇ ಕಠಿಣ. ‘ಬರೀ ಮೂವತ್ತೈದು ತಾನೆ, ನಮ್ಮೂರಿನಲ್ಲಿ ನಲವತ್ತೆರಡರಲ್ಲಿ ಹೊಲದಲ್ಲಿ ದುಡಿದವರು ನಾವು’ ಎನ್ನುವ ಹಿರಿಯರ ಮಾತಿನಲ್ಲಿ ಅಪಾಯವಿರುವುದು ಇಲ್ಲಿಯೇ. ಭಾರತದ ಹವಾಮಾನ ಇಲಾಖೆಯೂ ಈ ಅಂತರವನ್ನು ಒಪ್ಪಿ, ಬಿಸಿಗಾಳಿಯ ಎಚ್ಚರಿಕೆಯನ್ನು ಬಯಲುಸೀಮೆಗೆ 40 ಡಿಗ್ರಿಯಿಂದ ಪರಿಗಣಿಸಿದರೆ ಕರಾವಳಿಗೆ 37ರಿಂದಲೇ ಪರಿಗಣಿಸುತ್ತದೆ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರಿನ ಬಯಲಿನಲ್ಲಿ ಲಕ್ಷಾಂತರ ಜನ ಸಭೆಗೆಂದು ಸೇರಿ ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತರು. ಅಂದು ಆ ಪ್ರದೇಶದ ಉಷ್ಣಮಾನ 38ರ ಆಸುಪಾಸು. ವಿಜಯಪುರದಲ್ಲಾಗಿದ್ದರೆ ಸಾಧಾರಣ ಬೇಸಗೆಯ ದಿನ. ಕಾವು ತಟ್ಟಿ ಅಲ್ಲಿ ಹತ್ತಕ್ಕಿಂತ ಹೆಚ್ಚು ಜನ ಜೀವ ಕಳೆದುಕೊಂಡರು. ಅಂಕಿಯನ್ನಷ್ಟೇ ನೋಡಿ ಹವೆಯನ್ನು ಸೌಮ್ಯವೆಂದು ನಂಬಬಾರದೆಂಬುದಕ್ಕೆ ಇದಕ್ಕಿಂತ ಕಹಿಯಾದ ಪಾಠ ಬೇಡ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಮಾರ್ಚಿನಿಂದ ಜೂನಿನ ಮೊದಲ ಮಳೆಯವರೆಗೆ, ಮತ್ತೆ ಅಕ್ಟೋಬರಿನ ಬಿಸಿಲಿನಲ್ಲಿ, ಉಷ್ಣಮಾನದ ಜೊತೆಗೆ ಆರ್ದ್ರತೆಯ ಅಂಕಿಯನ್ನೂ ನೋಡುವ ರೂಢಿ ಮಾಡಿಕೊಳ್ಳಿರಿ. ಮೈಮುರಿಯುವ ಕೆಲಸವನ್ನು ಬೆಳಗಿನ ಹನ್ನೊಂದರೊಳಗೆ ಮುಗಿಸಿರಿ. ಬಾಯಾರಿಕೆಯಾಗುವವರೆಗೆ ಕಾಯದೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಎಳನೀರು ಕುಡಿಯಿರಿ. ಊರಿನಿಂದ ಬಂದ ವಯಸ್ಸಾದ ತಂದೆತಾಯಿಗಳನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಡಬೇಡಿರಿ. ಗಾಳಿ ಆಡುತ್ತಿದ್ದರೆ ಆರದ ಬೆವರೂ ಆರುತ್ತದೆ. ಯಾರಾದರೂ ಮೈ ಕೆಂಡದಂತೆ ಕಾದು ಮಾತು ತೊದಲಿದರೆ ಅಥವಾ ಮಂಕಾದರೆ ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಪುಸ್ತಕಗಳಿಗೂ ಈ ಹವೆಯ ಕಾಟ ತಪ್ಪಿದ್ದಲ್ಲ. ಧಾರವಾಡದ ಕಪಾಟಿನಲ್ಲಿ ಎಷ್ಟೋ ವರ್ಷ ಗಟ್ಟಿಯಾಗಿದ್ದ ಗ್ರಂಥ ಇಲ್ಲಿಯ ಎರಡು ಮಳೆಗಾಲ ಕಳೆಯುವುದರೊಳಗೆ ಬೂಸ್ಟು ಹಿಡಿದು ಕಲೆಗಟ್ಟುತ್ತದೆ. ವಾಚನಾಲಯದಿಂದ ಒಯ್ದ ಪುಸ್ತಕವನ್ನು ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡದೆ, ಗಾಳಿಯಾಡುವ ಕಡೆ ಇಟ್ಟು, ಓದಿದೊಡನೆ ಹಿಂತಿರುಗಿಸಿದರೆ ಮುಂದಿನ ಓದುಗರಿಗೂ ಅದು ಉಳಿಯುತ್ತದೆ.